ಫತೇಗಂಜಿನಲ್ಲಿ ಕಲಿಸಿದ ಅಮೆರಿಕದ ಊರು

ನಾನು ಅಮೆರಿಕಕ್ಕೆ ಹೋದವಳಲ್ಲ. ಹೋಗುವ ಆಸೆಯೂ ಅಷ್ಟಾಗಿ ಇಲ್ಲ. ಆದರೂ ಆ ದೇಶದ ನಟ್ಟನಡುವೆ, ಜೋಳದ ಹೊಲಗಳ ನಡುವೆ ಇರುವ ಒಂದು ಸಣ್ಣ ಊರನ್ನು ನನ್ನಷ್ಟು ಬಲ್ಲವರು ಆಗ ಇಡೀ ಬರೋಡಾದಲ್ಲಿ ಇನ್ನೊಬ್ಬರೇ ಇದ್ದರು. ಅವರಿಗೆ ಕಲಿಸಿದವಳೂ ನಾನೇ.

ಆ ಊರಿಗೆ ಇರುವುದು ಒಂದೇ ದೊಡ್ಡ ಬೀದಿ. ಅದರ ಹೆಸರೂ ದೊಡ್ಡ ಬೀದಿ ಎಂದೇ. ಹೆಸರಿಡುವ ವಿಷಯದಲ್ಲಿ ಅಲ್ಲಿಯವರು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಬೀದಿಯ ನಡುವೆ ಒಂದು ಟ್ರಾಫಿಕ್ ಸಿಗ್ನಲ್. ಅದು ಕೆಂಪೂ ಆಗುವುದಿಲ್ಲ, ಹಸಿರೂ ಆಗುವುದಿಲ್ಲ, ಹಗಲಿರುಳು ಸುಮ್ಮನೆ ಹಳದಿ ದೀಪ ಮಿಟುಕಿಸುತ್ತಿರುತ್ತದೆ. ಜನ ಕಡಿಮೆ, ಚರ್ಚು ಜಾಸ್ತಿ. ಒಂದು ಚರ್ಚಿನವರು ಇನ್ನೊಂದರ ಬಗ್ಗೆ ಕೆಟ್ಟ ಮಾತಾಡುವುದಿಲ್ಲ, ಒಳ್ಳೆಯ ಮಾತೂ ಆಡುವುದಿಲ್ಲ. ನಮ್ಮ ಕಡೆಯ ಮಠಗಳನ್ನು ಕಂಡವಳಾದ್ದರಿಂದ ನನಗೆ ಇದು ಬೇಗ ಅರ್ಥವಾಯಿತು. ಬೆಂಕಿ ಬಿದ್ದರೆ ಆರಿಸುವವರು ಊರಿನ ಗಂಡಸರೇ, ಅಂದರೆ ಕ್ಷೌರದವನು, ಶಾಲೆಯ ಮಾಸ್ತರು, ಟ್ರ್ಯಾಕ್ಟರ್ ರಿಪೇರಿಯವನು. ಅವರಿಗೆ ಸಂಬಳವಿಲ್ಲ. ಶುಕ್ರವಾರ ಸಂಜೆ ಫೈರ್ ಸ್ಟೇಷನ್ನಿನಲ್ಲಿ ಮೀನು ಕರಿದು ಊರವರಿಗೆಲ್ಲ ಮಾರಿ, ಬಂದದ್ದರಲ್ಲಿ ನೀರಿನ ಪೈಪು ಕೊಳ್ಳುತ್ತಾರೆ. ಊರಿನ ನಡುವೆ ಒಂದು ಚಹಾದಂಗಡಿಯಂಥದ್ದಿದೆ, ಅಲ್ಲಿ ಸಿಗುವುದು ಮಾತ್ರ ಕಾಫಿ. ಟೊಪ್ಪಿಗೆ ಹಾಕಿದ ಮುದುಕರು ದಿನಾ ಬೆಳಿಗ್ಗೆ ಅದೇ ಅದೇ ಕುರ್ಚಿಯಲ್ಲಿ ಕೂತು ಮಳೆಯ ಬಗ್ಗೆ ದೂರು ಹೇಳುತ್ತಾರೆ. ಪೋಸ್ಟಾಫೀಸಿನ ಹೆಂಗಸಿಗೆ ಊರಿನ ಪ್ರತಿಯೊಬ್ಬರ ಹೆಸರೂ ಗೊತ್ತು. ಅವಳ ಕಂದು ನಾಯಿ ಕೌಂಟರಿನ ಕೆಳಗೆ ಮಲಗಿರುತ್ತದೆ. ನಾಯಿಗೆ ಒಂದು ಕಿವಿ ಕೇಳಿಸುವುದಿಲ್ಲ.

ಯಾವ ಕಿವಿ ಎಂಬುದೂ ನನಗೆ ಗೊತ್ತಿತ್ತು. ಆದರೆ ನಮ್ಮ ಎದುರು ಫ್ಲಾಟಿನಲ್ಲಿ ಯಾರಿದ್ದಾರೆ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಮನೆಯವರಿಗೆ ಬರೋಡಾದ ಒಂದು ಸರ್ಕಾರಿ ಉದ್ದಿಮೆಯಲ್ಲಿ ನೌಕರಿ. ಕ್ವಾರ್ಟರ್ಸ್ ಸಿಗುವವರೆಗೆ ಎಂದು ಫತೇಗಂಜಿನಲ್ಲಿ ಬಾಡಿಗೆ ಫ್ಲಾಟು ಹಿಡಿದಿದ್ದೆವು. ಕ್ವಾರ್ಟರ್ಸೂ ಸಿಗಲಿಲ್ಲ, ಇಂದೋ ನಾಳೆಯೋ ಎನ್ನುತ್ತಿದ್ದ ವರ್ಗಾವಣೆಯೂ ಬರಲಿಲ್ಲ. ಧಾರವಾಡದಲ್ಲಿ ಓದಿದ ಇಂಗ್ಲಿಷ್ ಎಂ.ಎ. ಮನೆಯಲ್ಲೇ ಕೊಳೆಯುತ್ತಿತ್ತು. ಪಕ್ಕದಲ್ಲೇ ಯೂನಿವರ್ಸಿಟಿ ಇದೆ, ಹುಡುಗರು ಬಂದಾರು ಎಂದು ಗೇಟಿಗೆ ಇಂಗ್ಲಿಷ್ ಪಾಠದ ಬೋರ್ಡು ಹಾಕಿದೆ. ಹುಡುಗರು ಒಬ್ಬರೂ ಬರಲಿಲ್ಲ. ಬಂದವರು ಐವತ್ತರ ಆಸುಪಾಸಿನ ಹೆಂಗಸರು. ಎಲ್ಲರಿಗೂ ಅಮೆರಿಕದಲ್ಲಿ ಒಬ್ಬ ತಮ್ಮನೋ ಅಣ್ಣನೋ, ಅವನಿಗೊಂದು ಮೋಟೆಲ್ಲು, ಇವರಿಗೊಂದು ವೀಸಾ ಇಂಟರ್‌ವ್ಯೂ.

ಅವರಲ್ಲೊಬ್ಬರನ್ನು ನಾನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಹಿಂದಿನ ಓಣಿಯ ಸಾಲುಮನೆಗಳಲ್ಲಿ ಅವರ ಮನೆ. ಗಂಡ ಒಂದು ಔಷಧಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಪೇಪರಿನ ಹಿಂದಿನಿಂದ ಹೊರಗೆ ಬರುತ್ತಿದ್ದುದು ಕಡಿಮೆ. ಒಬ್ಬಳೇ ಮಗಳು, ಮದುವೆಯಾಗಿ ಸೂರತ್ತಿನ ಉಧ್ನಾದಲ್ಲಿದ್ದಳು. ಮಾಸಿ ನನ್ನನ್ನು 'ಬೆನ್', ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ವಯಸ್ಸಿನಲ್ಲಿ ನಾನು ಚಿಕ್ಕವಳಾದರೂ ಕಲಿಸುವವಳಲ್ಲವೇ? ಅವರು ಆಡುತ್ತಿದ್ದುದು ಗುಜರಾತಿ ಬೆರೆತ ಹಿಂದಿ. ಅದನ್ನು ನಾನಿಲ್ಲಿ ನನ್ನ ಧಾರವಾಡದ ಮಾತಿನಲ್ಲೇ ಬರೆಯುತ್ತಿದ್ದೇನೆ. ನನ್ನ ನೆನಪಿನಲ್ಲಿ ಅವರು ಮಾತಾಡುವುದೇ ಹಾಗೆ.

ಮಾಸಿಯ ತಮ್ಮ ಅಮೆರಿಕದ ಪ್ರಜೆಯಾದ ಮರುದಿನವೇ ಅಕ್ಕನಿಗಾಗಿ ಅರ್ಜಿ ಹಾಕಿದ್ದನಂತೆ. ಒಡಹುಟ್ಟಿದವರ ಸಾಲು ಅಲ್ಲಿ ಬಲು ಉದ್ದ. ಮಾಸಿಯ ತಲೆಯಲ್ಲಿ ಒಂದು ಬಿಳಿಕೂದಲೂ ಇಲ್ಲದಾಗ ಹಾಕಿದ ಅರ್ಜಿಗೆ, ಅವರು ಮೆಹಂದಿ ಹಚ್ಚುವುದನ್ನೂ ಬಿಟ್ಟ ಮೇಲೆ ಕರೆ ಬಂತು. ನಡುವಿನ ಅಷ್ಟೂ ವರ್ಷ ಅವರು ಓಣಿಯಲ್ಲಿ 'ಅಮೆರಿಕಕ್ಕೆ ಹೋಗುವವರು' ಆಗಿ ಬದುಕಿದ್ದರು. ಭೂಕಂಪದಲ್ಲಿ ಗೋಡೆ ಬಿರುಕು ಬಿಟ್ಟಿತ್ತು, ಗಾರೆ ಮಾಡಿಸಿರಲಿಲ್ಲ. ಸೊಸೈಟಿಯ ಕಮಿಟಿಗೆ ಸೇರಿರಲಿಲ್ಲ. ಮನೆಯ ಮುಂದೆ ತುಳಸಿ ಬಿಟ್ಟರೆ ಒಂದು ಗಿಡ ನೆಟ್ಟಿರಲಿಲ್ಲ. ಕೇಳಿದರೆ ಒಂದೇ ಉತ್ತರ.

'ನಾವು ಹೆಂಗೂ ಹೋಗೋರು ಅಲ್ಲೇನ ಬೆನ್?'

ಸಂಜೆ ಓಣಿಯ ಹೆಂಗಸರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಪಾಪಡಿ ಅವರೆಕಾಯಿಯ ನಾರು ಬಿಡಿಸುತ್ತ ಲೋಕದ ಸುದ್ದಿಯನ್ನೆಲ್ಲ ಬಿಡಿಸುವ ಹೊತ್ತಿಗೆ ಮಾಸಿ ಒಳಗಿರುತ್ತಿದ್ದರು. ಒಳಗೆ ಟಿ.ವಿ.ಯಲ್ಲಿ ತಮ್ಮ ಕಳಿಸಿದ ವಿಡಿಯೋ ಕ್ಯಾಸೆಟ್ಟು ಓಡುತ್ತಿತ್ತು. ಅದರಲ್ಲಿ ಆ ಊರಿನ ಮೆರವಣಿಗೆ ಇತ್ತು. ಮುಂದೆ ಫೈರ್ ಇಂಜಿನ್ನು, ಹಿಂದೆ ಶಾಲೆಯ ಬ್ಯಾಂಡು, ಆಮೇಲೆ ಟ್ರ್ಯಾಕ್ಟರುಗಳ ಸಾಲು. ಟ್ರ್ಯಾಕ್ಟರಿನ ಮೆರವಣಿಗೆ ನೋಡಲು ಜನ ಕುರ್ಚಿ ಹಿಡಿದುಕೊಂಡು ಬಂದು ಕೂತಿದ್ದರು. ಎಲ್ಲರೂ ಎಲ್ಲರಿಗೂ ಕೈ ಬೀಸುತ್ತಿದ್ದರು. ಉಳಿದದ್ದನ್ನು ತಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದ. ಮಾಸಿ ಅದನ್ನು ಸೋಮವಾರ ನನಗೆ ಒಪ್ಪಿಸುತ್ತಿದ್ದರು.

ಪಾಠ ಹೀಗೆ ಶುರುವಾಯಿತು. ವೀಸಾ ಕಿಟಕಿಯಲ್ಲಿ ಏನು ಕೇಳುತ್ತಾರೋ ಯಾರಿಗೆ ಗೊತ್ತು? 'ಎಲ್ಲಿ ಇರುತ್ತೀರಿ' ಎಂದು ಕೇಳುವುದಂತೂ ಖಂಡಿತ ಎಂದು ಏಜೆಂಟು ಹೇಳಿದ್ದ. ಸರಿ, ಬೇರೆ ವ್ಯಾಕರಣವೆಲ್ಲ ಬದಿಗಿಟ್ಟು ಊರನ್ನೇ ಕಲಿಸೋಣ ಎಂದುಕೊಂಡೆ. ಗೋಡೆಯ ಹಲಗೆಯ ಮೇಲೆ ಊರಿನ ನಕ್ಷೆ ಬರೆದೆ. ನಾನು ಪೋಸ್ಟಾಫೀಸಿನ ಹೆಂಗಸಾಗುತ್ತಿದ್ದೆ, ಮಾಸಿ ಕಾಗದ ಕೇಳಲು ಬರುತ್ತಿದ್ದರು. ನಾನು ಕ್ಷೌರದವನಾಗಿ ಮೀನು ಮಾರುತ್ತಿದ್ದೆ. ಮಾಸಿ ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಹಾಗೆಂದು ಊರಿನ ಊಟಕ್ಕೆ ಹೋಗದಿದ್ದರೆ ಜನ ಏನೆಂದುಕೊಂಡಾರು?

'ಹೋಗ್ತೀನಿ ಬೆನ್. ಆಲೂಗಡ್ಡಿ ಕರದದ್ದು ಅಷ್ಟ ತೊಗೊಂಡು ಒಂದು ಮೂಲ್ಯಾಗ ಕೂಡ್ತೀನಿ. ಎಣ್ಣಿ ಬ್ಯಾರೆ ಇರ್ತದೋ ಏನೋ ತಮ್ಮನ್ನ ಕೇಳಬೇಕು.'

ಎಣ್ಣೆ ಬೇರೆ ಇರುತ್ತದೆ ಎಂದು ತಮ್ಮ ಮುಂದಿನ ಭಾನುವಾರ ಹೇಳಿದ. ಅದನ್ನೂ ಪಾಠಕ್ಕೆ ಸೇರಿಸಿದೆವು. ಚರ್ಚು ಬಿಟ್ಟ ಮೇಲೆ ಜನ ಹೇಗೆ ಮಾತಾಡುತ್ತಾರೆ ಎಂದು ತೋರಿಸಲು ಒಂದು ಭಾನುವಾರ ಅವರನ್ನು ಫತೇಗಂಜಿನ ಚರ್ಚಿನ ಗೇಟಿಗೇ ಕರೆದುಕೊಂಡು ಹೋದೆ. ಅಲ್ಲಿ ಜನ ಗುಜರಾತಿಯಲ್ಲಿ ತರಕಾರಿಯ ರೇಟು ಮಾತಾಡುತ್ತಿದ್ದರು. ಮಾಸಿಗೆ ತುಸು ನಿರಾಸೆಯಾಯಿತು.

ಒಮ್ಮೆ ಕೇಳಿಯೇಬಿಟ್ಟೆ. ಇಷ್ಟು ವಯಸ್ಸಿನಲ್ಲಿ, ಮಗಳನ್ನು ಬಿಟ್ಟು, ಹೋಗಲೇಬೇಕೇ? ಮಾಸಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತತೊಡಗಿದರು.

'ಇಲ್ಲೆ ನಾ ಇಂಥವರ ಹೇಣ್ತಿ, ಇಂಥಾಕಿ ಅವ್ವ. ಓಣ್ಯಾಗ ನನ್ನ ಹೆಸರ ಯಾರಿಗೂ ಗೊತ್ತಿಲ್ಲ ಬೆನ್. ಆ ಪೋಸ್ಟಾಫೀಸಿನಾಕಿ ಹೆಸರ ಹಿಡದ ಕರೀತಾಳಂತ. ಒಮ್ಮೆ ಒಂದ ಊರಾಗ ನಾನೂ ಒಬ್ಬಾಕಿ ಆಗಬೇಕು.'

ಅಷ್ಟು ದಿನ ಒಳಗೊಳಗೇ ನಗುತ್ತಿದ್ದ ನನಗೆ ಆಮೇಲೆ ಆ ಪಾಠ ತಮಾಷೆಯಾಗಿ ಉಳಿಯಲಿಲ್ಲ. ಈ ಹೆಂಗಸು ಆ ಬೀದಿಯಲ್ಲಿ ನಡೆಯಲೇಬೇಕು ಎಂದು ನನಗೂ ಹಟ ಹತ್ತಿತು. ಇನ್ನೂ ಕಟ್ಟುನಿಟ್ಟಾಗಿ ಕಲಿಸತೊಡಗಿದೆ.

ನಗಲು ನನಗೇನೂ ದೊಡ್ಡ ಹಕ್ಕಿರಲಿಲ್ಲ ಅನ್ನಿ. ನಮ್ಮ ಕನ್ನಡಿಗರ ಸಂಘವೂ ಹೆಚ್ಚು ಕಡಿಮೆ ಅದೇ ಜಾತಿಯದು. ಸಂಶೋಧನಾಲಯದವರು, ಕಾರ್ಖಾನೆಯವರು, ಬ್ಯಾಂಕಿನವರು ಎಲ್ಲ ಸೇರಿ ವರ್ಷಕ್ಕೊಮ್ಮೆ ಒಂದು ಸಭಾಭವನ ಹಿಡಿಯುತ್ತಿದ್ದೆವು. ನವೆಂಬರಿನಲ್ಲಿ ಅದು ಮದುವೆಗಳಿಗೆ ಹೋಗಿಬಿಡುತ್ತಿದ್ದರಿಂದ ನಮ್ಮ ರಾಜ್ಯೋತ್ಸವ ಜನವರಿಯಲ್ಲಿ, ಅದೂ ಉತ್ತರಾಯಣದ ಗಾಳಿಪಟ ಮುಗಿದ ಮೇಲೆ. ಕನ್ನಡ ಉಳಿಯಬೇಕು ಎಂದು ಹಿರಿಯರು ಭಾಷಣ ಮಾಡುತ್ತಿದ್ದರು, ಮಕ್ಕಳು ಹಿಂದಿನ ಸಾಲಿನಲ್ಲಿ ಗುಜರಾತಿಯಲ್ಲಿ ಜಗಳಾಡುತ್ತಿದ್ದರು. ಬಿಸಿಬೇಳೆಬಾತು ಉಂಡು, ಊರಿಗೆ ಯಾವಾಗ ವರ್ಗ ಎಂದು ಒಬ್ಬರನ್ನೊಬ್ಬರು ಕೇಳಿ ಮನೆಗೆ ಬರುತ್ತಿದ್ದೆವು. ನಮ್ಮ ಮನೆಯಲ್ಲಿ ಸಾಮಾನು ತುಂಬಿದ ಎರಡು ಪೆಟ್ಟಿಗೆ ಬಂದಾಗ ಹೇಗಿದ್ದವೋ ಹಾಗೇ ಇದ್ದವು. ಬಿಚ್ಚೋಣವೇ ಎಂದರೆ ನಮ್ಮ ಮನೆಯವರ ಉತ್ತರ ಸಿದ್ಧ.

'ಈಗ ಬಿಚ್ಚಿ ಏನ್ ಮಾಡ್ತೀ? ಮುಂದಿನ ತಿಂಗಳ ಆರ್ಡರ್ ಬಂದ್ರ ಮತ್ತ ಕಟ್ಟಬೇಕು.'

ಇಂಟರ್‌ವ್ಯೂಗೆ ಮಾಸಿ ಗಂಡನ ಜೊತೆ ಮುಂಬೈಗೆ ಹೋದರು. ಮರುದಿನ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು ನಿಂತಾಗ ಅವರ ಕೈಯಲ್ಲಿ ಪೇಡೆಯ ಪೆಟ್ಟಿಗೆ ಇರಲಿಲ್ಲ. ಗುಜರಾತಿನಲ್ಲಿ ಒಳ್ಳೆಯ ಸುದ್ದಿ ಪೇಡೆ ಇಲ್ಲದೆ ಬರುವುದಿಲ್ಲ.

ನಡೆದದ್ದಿಷ್ಟು. ಕಿಟಕಿಯ ಆಚೆ ಒಬ್ಬ ಎಳೆಯ ಅಧಿಕಾರಿ ಇದ್ದ. ಗುಜರಾತಿ ಮಾತಾಡಲು ಪಕ್ಕದಲ್ಲಿ ದುಭಾಷಿಯೂ ಇದ್ದಳು. ಆದರೆ ಮಾಸಿ ನನ್ನ ಮಾನ ಉಳಿಸಲು ಇಂಗ್ಲಿಷಿನಲ್ಲೇ ಹೇಳುತ್ತೇನೆಂದರು. ಅಲ್ಲಿ ಹೋಗಿ ಎಲ್ಲಿರುತ್ತೀರಿ ಎಂದು ಆತ ಕೇಳಿದ. ತಮ್ಮನ ಮನೆಯಲ್ಲಿ ಎಂದಿದ್ದರೆ ಮುಗಿಯುತ್ತಿತ್ತು. ಮಾಸಿ ಇಡೀ ಊರನ್ನು ಬಿಚ್ಚಿ ಹರವಿದರು. ದೊಡ್ಡ ಬೀದಿ, ಹಳದಿ ದೀಪ, ಟೊಪ್ಪಿಗೆಯ ಮುದುಕರು, ಶುಕ್ರವಾರದ ಮೀನು, ಬೇರೆ ಎಣ್ಣೆಯ ಆಲೂಗಡ್ಡೆ, ನಾಯಿಯ ಎಡಗಿವಿ. ಆತ ಟೈಪು ಮಾಡುವುದನ್ನು ನಿಲ್ಲಿಸಿದ. ತಾನೂ ಅಂಥದೇ ಒಂದು ಊರಿನವನು ಎಂದ. ಮಾಸಿಗೆ ಖುಷಿಯೋ ಖುಷಿ. ಆಮೇಲೆ ಆತ ಮೆಲ್ಲಗೆ ಕೇಳಿದ.

'ನೀವು ಆ ಊರಿನಲ್ಲಿ ಎಷ್ಟು ವರ್ಷ ಇದ್ದಿರಿ?'

ಒಂದು ದಿನವೂ ಇಲ್ಲ, ಅಮೆರಿಕವನ್ನು ಕಣ್ಣಿಂದ ಕಂಡೇ ಇಲ್ಲ ಎಂದರು ಮಾಸಿ. ಆತ ನಂಬಲಿಲ್ಲ. ಹೋಗದ ಊರಿನ ನಾಯಿಯ ಕಿವಿಯ ತನಕ ಯಾರಿಗಾದರೂ ಗೊತ್ತಿರುತ್ತದೆಯೇ? ಹಿಂದೆ ಯಾವಾಗಲೋ ಸುಳ್ಳು ಹೇಳಿ ಹೋಗಿ, ಕದ್ದು ಇದ್ದು ಬಂದವರು ಎಂದು ಅವನ ತರ್ಕ. ಪಾಸ್‌ಪೋರ್ಟೋ ಹೊಚ್ಚಹೊಸದು. ಇಷ್ಟು ವರ್ಷ ಭಾರತದಲ್ಲೇ ಇದ್ದದ್ದಕ್ಕೆ ಪುರಾವೆ ತನ್ನಿ, ಅಲ್ಲಿಯವರೆಗೆ ವೀಸಾ ಇಲ್ಲ ಎಂದು ಕಳಿಸಿಬಿಟ್ಟ.

ಶಿಷ್ಯರು ಪಾಠ ಕಲಿಯದೆ ಫೇಲಾಗುವುದನ್ನು ನಾನು ಕಂಡಿದ್ದೆ. ಕಲಿತು ಫೇಲಾದದ್ದು ಇದೇ ಮೊದಲು.

ಏಜೆಂಟು ತಲೆ ಕೆರೆದುಕೊಂಡ. ಲೈಟ್ ಬಿಲ್ಲು ಗಂಡನ ಹೆಸರಿನಲ್ಲಿ, ಮನೆ ಗಂಡನ ಹೆಸರಿನಲ್ಲಿ. ರೇಷನ್ ಕಾರ್ಡಿನಲ್ಲಿ ಮಾಸಿಯ ಹೆಸರಿತ್ತು, ಆದರೆ ಹೆಸರು ಇಲ್ಲಿದ್ದು ಮನುಷ್ಯ ಅಲ್ಲಿರಬಹುದಲ್ಲ ಎಂದ. ಮುಖ ಬೇಕು, ಪ್ರತಿ ವರ್ಷದ ಮುಖ ಬೇಕು. ಮಾಸಿಯ ಮನೆಯಲ್ಲಿ ಫೋಟೋಗಳೆಂದರೆ ಮಗಳ ಮದುವೆಯದೊಂದು ಆಲ್ಬಮ್ಮು ಅಷ್ಟೇ. ಹೋಗುವವರು ಇಲ್ಲಿಯ ಫೋಟೋ ತೆಗೆಸಿ ಏನು ಮಾಡುತ್ತಾರೆ?

'ಓಣಿಯವರನ್ನ ಕೇಳೋಣ,' ಅಂದೆ.

'ಬ್ಯಾಡ ಬೆನ್. ಅವರ ಜೋಡಿ ನಾ ಎಂದು ಕೂತೀನಿ? ಯಾವ ಮಾರಿ ಹೊತ್ತು ಕೇಳಲಿ?'

ನಾನೇ ಹೋದೆ, ಮಾಸಿಯ ಕೈ ಹಿಡಿದು ಎಳೆದುಕೊಂಡೇ ಹೋದೆ. ಕಟ್ಟೆಯ ಮೇಲೆ ಹೆಂಗಸರು ಎಂದಿನಂತೆ ಕೂತಿದ್ದರು. ನನ್ನ ಹರುಕುಮುರುಕು ಗುಜರಾತಿಯಲ್ಲಿ ವಿಷಯ ಹೇಳಿದೆ. ಎಲ್ಲರಿಗಿಂತ ಹಿರಿಯರಾದ, ಮೂಲೆಮನೆಯ ಅಜ್ಜಿ ಬುಟ್ಟಿಯನ್ನು ಕೆಳಗಿಟ್ಟರು.

'ಅವನ್ಯಾವನ ಅವ? ಈಕಿ ಇಲ್ಲೆ ಇರಲಿಲ್ಲಂತನ? ನಮ್ಮ ಮೂರೂ ಹುಡುಗ್ಯಾರ ಲಗ್ನದಾಗ ನೀರ ಕೊಟ್ಟಾಕಿ ಯಾರು ಹಂಗಾರ?'

ಅವರು ಒಳಗೆ ಹೋಗಿ ಮದುವೆಯ ಕ್ಯಾಸೆಟ್ಟು ತಂದರು. ಅವರನ್ನು ನೋಡಿ ಎದುರುಮನೆಯವರು ತಂದರು, ಅವರನ್ನು ನೋಡಿ ಮತ್ತೊಬ್ಬರು. ಗುಜರಾತಿಗಳು ಮದುವೆಗೆ ಅಡುಗೆಯವನನ್ನು ಕರೆಯುವುದು ಮರೆತಾರು, ವಿಡಿಯೋದವನನ್ನು ಮರೆಯುವುದಿಲ್ಲ. ಮದುವೆ, ಸೀಮಂತ, ನವರಾತ್ರಿಯ ಗರ್ಬಾ, ಹೊಸ ಸ್ಕೂಟರಿನ ಪೂಜೆ, ಎಲ್ಲವೂ ಅಟ್ಟದಲ್ಲಿ ಸುರಕ್ಷಿತವಾಗಿದ್ದವು. ಅಜ್ಜಿಯ ಮನೆಯಲ್ಲಿ ಟಿ.ವಿ. ಮುಂದೆ ಓಣಿಗೆ ಓಣಿಯೇ ಕೂತಿತು. ಮದುಮಗನನ್ನು ಯಾರೂ ನೋಡಲಿಲ್ಲ, ಮಂಟಪವನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಚಿತ್ರದ ಅಂಚಿನಲ್ಲಿ ಮಾಸಿಯನ್ನು ಹುಡುಕುತ್ತಿದ್ದವು.

'ಅಗೋ, ಕಂಬದ ಹಿಂದ!'

'ನಿಲ್ಲಸು, ನಿಲ್ಲಸು, ಅದು ಆಕೀದ ಕೈ!'

ಎಲ್ಲದರಲ್ಲೂ ಇದ್ದರು. ಒಂದರಲ್ಲಿ ನೀರಿನ ಲೋಟದ ತಟ್ಟೆ ಹಿಡಿದಿದ್ದರು. ಇನ್ನೊಂದರಲ್ಲಿ ಅಳುವ ಮದುಮಗಳ ಸೆರಗು ಸರಿ ಮಾಡುತ್ತಿದ್ದರು. ಗರ್ಬಾದ ಹೊರಸುತ್ತಿನಲ್ಲಿ, ನಾಚುತ್ತ, ತಾಳ ತಪ್ಪುತ್ತ ಕುಣಿಯುತ್ತಿದ್ದರು. ಕ್ಯಾಸೆಟ್ಟು ಬದಲಾದಂತೆ ಕೂದಲು ಬೆಳ್ಳಗಾಗುತ್ತ ಬಂತು. ಮಾಸಿ ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ತಾನು ಇಷ್ಟೊಂದು ಸಲ ಇಲ್ಲಿದ್ದೆನೇ ಎಂದು ಅವರಿಗೇ ಆಶ್ಚರ್ಯವಾದಂತಿತ್ತು. ಯಾರೋ ಅವರ ಹೆಸರು ಹಿಡಿದು, ಈ ಹಸಿರು ಸೀರೆ ಇನ್ನೂ ಅದನ, ಭಾಳ ಒಪ್ಪತಿತ್ತು ಅಂದರು. ಹೆಸರು ಎಲ್ಲರಿಗೂ ಗೊತ್ತಿತ್ತು. ಕರೆಯಲು ಸಂದರ್ಭ ಬಂದಿರಲಿಲ್ಲ ಅಷ್ಟೇ. ಮಾಸಿ ಅಳತೊಡಗಿದರು. ನನಗೂ ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ.

ಸ್ಟುಡಿಯೋದವನು ಕ್ಯಾಸೆಟ್ಟುಗಳಿಂದ ಫೋಟೋ ಮಾಡಿಕೊಟ್ಟ. ಮಾಸಿ ಎರಡನೆಯ ಸಲ ಮುಂಬೈಗೆ ಹೋಗುವಾಗ ನಾನು ಪಾಠ ಮಾಡಲಿಲ್ಲ, ಬಾಯಿ ಮುಚ್ಚಿಕೊಂಡಿದ್ದೆ. ಕಿಟಕಿಯಲ್ಲಿ ಅದೇ ಅಧಿಕಾರಿ ಒಂದೊಂದೇ ಫೋಟೋ ತೋರಿಸಿ ಇವರು ಯಾರು, ಇವರು ಯಾರು ಎಂದು ಕೇಳಿದನಂತೆ. ಮಾಸಿ ದುಭಾಷಿಯ ಮುಂದೆ ಗುಜರಾತಿಯಲ್ಲಿ ಓಣಿಯ ಕಥೆಯನ್ನೆಲ್ಲ ಹೇಳಿದರು. ಯಾರ ಮಗಳು ಯಾವ ಊರಿಗೆ ಹೋದಳು, ಯಾರ ಅತ್ತೆಗೆ ಮೊಣಕಾಲು ನೋವು, ಯಾರ ಮನೆಯ ಉಪ್ಪಿನಕಾಯಿ ಕೆಡುವುದಿಲ್ಲ. ಒಂದು ಮಾತೂ ಬಾಯಿಪಾಠ ಮಾಡಿದ್ದಲ್ಲ. ಇದನ್ನೆಲ್ಲ ನಮ್ಮ ಮನೆಯ ಕಿಟಕಿಯಿಂದ ಕೇಳಿಸಿಕೊಂಡಿದ್ದೆ ಬೆನ್ ಎಂದು ಆಮೇಲೆ ನನಗೆ ಹೇಳಿದರು. ಅಧಿಕಾರಿ ಕೈ ಎತ್ತಿ ಸಾಕು ಎಂದನಂತೆ. ಗಂಡ ಹೆಂಡತಿ ಇಬ್ಬರಿಗೂ ವೀಸಾ ಆಯಿತು. ಈ ಸಲ ಪೇಡೆ ಬಂತು.

ಹೊರಡುವ ದಿನ ಓಣಿಯವರು ಆರತಿ ಎತ್ತಿ, ಮೊಸರು ಸಕ್ಕರೆ ತಿನ್ನಿಸಿ ಕಳಿಸಿದರು. ಮಾಸಿ ಕಾರಿನಲ್ಲಿ ಕೂತು ಹಿಂದಿರುಗಿ ನೋಡುತ್ತಲೇ ಇದ್ದರು. ಅಷ್ಟು ವರ್ಷ ಕಾಯ್ದವರ ಮುಖದಲ್ಲಿ ಇರಬೇಕಾದ ಸಂತೋಷ ನನಗೆ ಕಾಣಲಿಲ್ಲ. ಹೋಗುವ ಹೊತ್ತಿಗೆ ಸರಿಯಾಗಿ ಅವರು ಇಲ್ಲಿಯವರಾಗಿಬಿಟ್ಟಿದ್ದರು.

ಬಹಳ ದಿನ ಸುದ್ದಿ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ಫೋನು ಬಂತು. ದನಿ ಅದೇ.

'ಊರು ಹೆಂಗದ ಮಾಸಿ? ಪೋಸ್ಟಾಫೀಸಿಗೆ ಹೋದ್ರೇನು?'

ಅತ್ತಲಿಂದ ಸಣ್ಣ ನಗೆ ಕೇಳಿತು.

'ಮೋಟೆಲ್ಲು ಹೈವೇ ಮ್ಯಾಲೆ ಅದ ಬೆನ್. ಊರು ಅಲ್ಲಿಂದ ಒಳಗ, ಭಾಳ ದೂರ. ನಡಕೊಂಡ ಹೋಗಲಿಕ್ಕೆ ದಾರಿನ ಇಲ್ಲ, ಬರೇ ಕಾರು ಓಡ್ತಾವ. ತಮ್ಮಗ ಬಿಡುವಿಲ್ಲ. ಹಗಲೆಲ್ಲ ಹಾಸಿಗಿ ಬದಲಿ ಮಾಡೋದು, ಬಾಥ್‌ರೂಮ್ ತೊಳಿಯೋದು, ಇದ ಆಗ್ತದ.'

'ಮತ್ತ ಆ ಮೆರವಣಿಗಿ? ಆ ಮೀನು, ಆ ನಾಯಿ?'

'ತಮ್ಮನೂ ಆ ಮೆರವಣಿಗಿ ದಿನ ಒಮ್ಮೆ ಹೋಗ್ಯಾನಂತ, ಅಷ್ಟ. ಉಳಿದದ್ದೆಲ್ಲ ರೂಮಿಗೆ ಬಂದವರ ಬಾಯಿಂದ ಕೇಳಿದ್ದಂತ.'

ನನಗೆ ಆ ತಮ್ಮನ ಮೇಲೆ ಕೆಂಡದಂಥ ಸಿಟ್ಟು ಬಂತು. ಅಷ್ಟು ವರ್ಷ, ಪ್ರತಿ ಭಾನುವಾರ! ಬೈಯಲು ಬಾಯಿ ತೆರೆದೆ. ಮಾಸಿ ಅವಕಾಶ ಕೊಡಲಿಲ್ಲ.

'ಸಂಜೀಕ ನಾ ಕೌಂಟರಿನಾಗ ನಿಂದರ್ತೀನಿ ಬೆನ್. ಬಂದವರು ಕೇಳ್ತಾರ, ಈ ಊರಾಗ ನೋಡೋದು ಏನದ ಅಂತ. ನೀವು ಕಲಿಸಿದ್ದೆಲ್ಲ ಹೇಳ್ತೀನಿ. ಅವರು ಹೋಗಿ ನೋಡಿ ಬಂದು, ನೀವು ಹೇಳಿದಂಗ ಅದ ಅಂತಾರ. ನಿನ್ನೆ ಒಬ್ಬ ಮುದುಕ ಕೇಳಿದ, ಬಾಯಿ, ನೀ ಈ ಊರಾಗ ಎಷ್ಟು ವರ್ಷದಿಂದ ಇದ್ದೀ ಅಂತ.'

'ನೀವೇನಂದ್ರಿ?'

'ಭಾಳ ವರ್ಷ ಆತು ಅಂದೆ,' ಎಂದರು ಮಾಸಿ. 'ಸುಳ್ಳೇನ ಅಲ್ಲಲ್ಲ, ಬೆನ್?'